ನಾಲ್ಕನೇ ಜ್ವರ

ಮೊದಲ ನಳಿಕೆಯ ರಕ್ತವನ್ನು ನಾವು ಎಸೆಯುತ್ತಿದ್ದೆವು. ಸೂಜಿ ಚರ್ಮವನ್ನು ತೂರಿ ಒಳಹೋಗುವಾಗ ಚರ್ಮದ ಒಂದೆರಡು ಕೋಶಗಳನ್ನೂ ಕಿತ್ತುಕೊಳ್ಳುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಅವು ಕ್ಯಾನ್ಸರ್ ಕೋಶಗಳ ವೇಷ ಹಾಕಿಕೊಂಡು ಕೂರುತ್ತವೆ. ಆದ್ದರಿಂದ ಎರಡನೇ ನಳಿಕೆ ಮಾತ್ರ ನಮ್ಮದು. ಈ ಬರಹಕ್ಕೂ ಅದೇ ನಿಯಮ ಎಂದುಕೊಂಡು ಮೊದಲ ಕರಡನ್ನು ಎಸೆದಿದ್ದೇನೆ. ಅದರಲ್ಲಿ ನಾನು ತುಂಬ ಜಾಣನಾಗಿದ್ದೆ.

ಕೆಲಸ ಇಷ್ಟು. ಕಿಡ್ನಿಯ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದವರಿಗೆ ಮಾತ್ರೆ ಕೊಡುತ್ತಾರೆ: ನಾಲ್ಕು ವಾರ ನುಂಗಬೇಕು, ಎರಡು ವಾರ ಬಿಡುವು, ಮತ್ತೆ ನಾಲ್ಕು ವಾರ. ಮಾತ್ರೆ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂದು ತಿಳಿಯುವುದು ಮೂರು ತಿಂಗಳಿಗೊಮ್ಮೆ ಮಾಡುವ ಸ್ಕ್ಯಾನ್‌ನಿಂದ. ನಡುವಿನ ದಿನಗಳಲ್ಲಿ ವೈದ್ಯರಿಗೂ ಗೊತ್ತಿಲ್ಲ, ರೋಗಿಗೂ ಗೊತ್ತಿಲ್ಲ. ಗಡ್ಡೆಯಿಂದ ಕಳಚಿಕೊಂಡ ಕೆಲವು ಕೋಶಗಳು ರಕ್ತದಲ್ಲಿ ಅಲೆಯುತ್ತಿರುತ್ತವೆ. ಅವುಗಳನ್ನು ಹಿಡಿದು ಎಣಿಸಿದರೆ, ಎಣಿಕೆ ಇಳಿದಾಗ ಮಾತ್ರೆ ಗೆಲ್ಲುತ್ತಿದೆ, ಏರಿದಾಗ ಸೋಲುತ್ತಿದೆ ಎಂದು ಸ್ಕ್ಯಾನ್‌ಗಿಂತ ಮೊದಲೇ ಹೇಳಬಹುದೇ? ಇದು ನಮ್ಮ ಪ್ರಶ್ನೆ. ಅರ್ಧ ಚಮಚದಷ್ಟು ರಕ್ತದಲ್ಲಿ ಕೋಟ್ಯಂತರ ಕೆಂಪು ಕಣಗಳಿರುತ್ತವೆ. ನಾವು ಹುಡುಕುವುದು ಅದರ ಮೂರು ಪಟ್ಟು ರಕ್ತದಲ್ಲಿ ನಾಲ್ಕೋ ಐದೋ ಕೋಶಗಳನ್ನು. ಕೆಲವೊಮ್ಮೆ ಒಂದನ್ನು.

ನಮ್ಮ ಪ್ರಯೋಗಾಲಯವೆಂದರೆ ಚಿಕ್ಕಬಳ್ಳಾಪುರದಲ್ಲಿ, ಹೆದ್ದಾರಿಗೆ ಬೆನ್ನು ಹಾಕಿ ನಿಂತ ಕಟ್ಟಡವೊಂದರ ಎರಡು ಕೋಣೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಬೆರಳೆಣಿಕೆಯ ರೋಗಿಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಅವರ ಊರಿನ ಹತ್ತಿರದ ಆಸ್ಪತ್ರೆಗೆ ಹೋಗಿ ರಕ್ತ ತೆಗೆದು ತರುವುದು ನಮ್ಮ ನರ್ಸ್ ಕೆಲಸ. ಆಕೆ ಚಿಂತಾಮಣಿಯವರು, ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವವರು. ರೋಗಿಗಳಿಗೆ ಫೋನ್ ಮಾಡಿ ದಿನ ಗೊತ್ತುಮಾಡುವುದು, ತಂದ ರಕ್ತವನ್ನು ಸೋಸುವುದು, ಬಣ್ಣ ಹಾಕುವುದು, ಎಣಿಸುವುದು ನನ್ನದು. ಫೋನ್ ಮಾಡುವುದನ್ನು ಕೊನೆಯ ಸಾಲಿನಲ್ಲಿ ಬರೆಯಬೇಕಿತ್ತು. ಎಲ್ಲಕ್ಕಿಂತ ಚಿಕ್ಕ ಕೆಲಸವೆಂದು ನಾನು ತಿಳಿದಿದ್ದು ಅದನ್ನೇ.

ಶುರುವಿನಲ್ಲಿ ಎಲ್ಲವೂ ಸೊನ್ನೆ. ನಾವು ಅಯಸ್ಕಾಂತಕ್ಕೆ ಅಂಟುವ ಸೂಕ್ಷ್ಮ ಮಣಿಗಳನ್ನು ಬಳಸುತ್ತಿದ್ದೆವು. ಮಣಿಯ ಮೈಗೆ ಒಂದು ಪ್ರತಿಕಾಯ ಅಂಟಿಸಿರುತ್ತಾರೆ, ಅದು ಕ್ಯಾನ್ಸರ್ ಕೋಶದ ಹೊರಮೈಯಲ್ಲಿರುವ ಒಂದು ಪ್ರೋಟೀನನ್ನು ಕಚ್ಚಿಕೊಳ್ಳುತ್ತದೆ, ಕಾಂತ ಹಿಡಿದರೆ ಕೋಶ ಬರುತ್ತದೆ. ಸ್ತನದ ಕ್ಯಾನ್ಸರಿನಲ್ಲಿ, ಕರುಳಿನ ಕ್ಯಾನ್ಸರಿನಲ್ಲಿ ಇದು ನಡೆಯುತ್ತದೆ. ನಮ್ಮ ಕಾಂತಕ್ಕೆ ಏನೂ ಬರಲಿಲ್ಲ. ಒಂದು ವಾರ ಸೊನ್ನೆ, ಮೂರು ವಾರ ಸೊನ್ನೆ.

"ಸಾರ್, ಇವರಿಗೆಲ್ಲ ವಾಸಿ ಆಗೋಯ್ತಾ?" ಎಂದು ನರ್ಸ್ ಕೇಳಿದರು. "ಸುಮ್ನೆ ಯಾಕೆ ಸೂಜಿ ಚುಚ್ಚೋದು, ಮನೆಗೆ ಕಳಿಸಿಬಿಡಣ."

ವಾಸಿಯಾಗಿರಲಿಲ್ಲ. ಕಿಡ್ನಿ ಕ್ಯಾನ್ಸರಿನ ಕೋಶಗಳಲ್ಲಿ ಬಹುಪಾಲು ಆ ಪ್ರೋಟೀನನ್ನು ಮೈಮೇಲೆ ಇಟ್ಟುಕೊಳ್ಳುವುದೇ ಇಲ್ಲ. ಓದಿ ತಿಳಿದ ವಿಷಯವೇ. ಆದರೂ ಯಂತ್ರ ಇದೆ, ಮಣಿ ಇದೆ, ನೋಡೋಣ ಎಂದು ಮೂರು ವಾರ ಕಳೆದಿದ್ದೆ. ಮಣಿಗಳನ್ನು ಬಿಟ್ಟು ಜರಡಿಗೆ ಬಂದೆವು. ತೆಳ್ಳನೆಯ ಪೊರೆಯೊಂದರಲ್ಲಿ ಲಕ್ಷಾಂತರ ತೂತು, ಒಂದೊಂದು ತೂತೂ ಮಿಲಿಮೀಟರಿನ ಸಾವಿರದಲ್ಲಿ ಎಂಟು ಭಾಗ. ಕೆಂಪು ಕಣಗಳು ಮೈ ಮುದುರಿಕೊಂಡು ಇಳಿದುಹೋಗುತ್ತವೆ, ಬಿಳಿ ಕಣಗಳಲ್ಲಿ ಹೆಚ್ಚಿನವು ಇಳಿಯುತ್ತವೆ, ಗಡ್ಡೆಯ ಕೋಶಗಳು ದಪ್ಪ, ಉಳಿಯುತ್ತವೆ. ಉಳಿದವುಗಳಿಗೆ ಮೂರು ಬಣ್ಣ: ಕೋಶದ ಬೀಜಕ್ಕೆ ನೀಲಿ, ಬಿಳಿ ಕಣವಾದರೆ ಕೆಂಪು, ಕಿಡ್ನಿ ಕ್ಯಾನ್ಸರಿಗೆ ಗುರುತಾದ ಬೇರೊಂದು ಪ್ರೋಟೀನ್ ಇದ್ದರೆ ಹಸಿರು. ನೀಲಿ ಇರಬೇಕು, ಹಸಿರು ಇರಬೇಕು, ಕೆಂಪು ಇರಕೂಡದು. ಹಾಗಿದ್ದರೆ ಒಂದು.

ಜರಡಿಯಲ್ಲಿ ಮೊದಲ ಹಸಿರು ಕಂಡದ್ದು ಮೇಲೂರಿನ ಹೆಂಗಸಿನ ರಕ್ತದಲ್ಲಿ. ಆಕೆಗೆ ನಲವತ್ತರ ಮೇಲೆ. ಒಂದು ಕಿಡ್ನಿ ತೆಗೆದಿದ್ದರು, ಶ್ವಾಸಕೋಶದಲ್ಲಿ ಮಚ್ಚೆಗಳಿದ್ದವು, ಮಾತ್ರೆ ಇನ್ನೂ ಶುರುವಾಗಿರಲಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಒಂದು ದುಂಡನೆಯ ಹಸಿರು ಅಂಚು, ಒಳಗೆ ವಕ್ರವಾದ ನೀಲಿ ಬೀಜ. ನಾನು ಕೂಗಿದೆ. ಏನೆಂದು ಕೂಗಿದೆ ನೆನಪಿಲ್ಲ. ನರ್ಸ್ ಪ್ರಕಾರ ಅದು ಯಾವ ಭಾಷೆಯೂ ಆಗಿರಲಿಲ್ಲ. ಅಂದಿನ ಎಣಿಕೆ ಹನ್ನೊಂದು. ಮಧ್ಯಾಹ್ನ ಊಟ ಮಾಡಲಿಲ್ಲ, ಮತ್ತೊಮ್ಮೆ ಎಣಿಸಿದೆ, ಮತ್ತೆ ಹನ್ನೊಂದು. ಆಕೆಯ ಮೈಯಲ್ಲಿದ್ದ ಕೇಡಿನ ಸಾಕ್ಷಿಯನ್ನು ಕಂಡು ಕುಣಿದೆನಲ್ಲ ಎಂಬ ನಾಚಿಕೆ ಸಂಜೆಗೆ ಬಂತು. ಬಂತು ಎಂದು ಈಗ ಅನಿಸುತ್ತದೆ. ಆ ದಿನದ ಟಿಪ್ಪಣಿಯಲ್ಲಿ ನಾಚಿಕೆ ಇಲ್ಲ, ಮೂರು ಆಶ್ಚರ್ಯಸೂಚಕ ಚಿಹ್ನೆಗಳಿವೆ.

ಮಾತ್ರೆ ಶುರುವಾಯಿತು. ಪ್ರತಿ ಸುತ್ತಿನ ಹದಿನಾಲ್ಕನೇ ದಿನ, ಮಾತ್ರೆಯ ಬಲ ಪೂರ್ತಿ ಇರುವಾಗ, ರಕ್ತ ತೆಗೆಯಬೇಕು. ನಿಯಮದಲ್ಲಿ ಒಂದು ವಿನಾಯಿತಿ ಇತ್ತು: ರೋಗಿಗೆ ಜ್ವರವಿದ್ದರೆ ತೆಗೆಯಕೂಡದು, ಜ್ವರ ಬಿಟ್ಟು ಒಂದು ವಾರ ಕಳೆದ ಮೇಲೆ ತೆಗೆಯಬೇಕು. ಜ್ವರದಲ್ಲಿ ಬಿಳಿ ಕಣಗಳು ಹೆಚ್ಚುತ್ತವೆ, ಊದಿಕೊಳ್ಳುತ್ತವೆ, ಜರಡಿಯ ತೂತು ಕಟ್ಟಿಕೊಳ್ಳುತ್ತವೆ.

ಮೊದಲ ಸುತ್ತಿನಲ್ಲಿ ಎಣಿಕೆ ನಾಲ್ಕು. ಹನ್ನೊಂದರಿಂದ ನಾಲ್ಕು! ವಾರಕ್ಕೊಮ್ಮೆ ನಮ್ಮ ಕಟ್ಟಡಕ್ಕೆ ಬಂದು ರೋಗಿಗಳನ್ನು ನೋಡುವ ಕ್ಯಾನ್ಸರ್ ವೈದ್ಯೆಗೆ ಓಡಿಹೋಗಿ ತೋರಿಸಿದೆ. "ಚೆನ್ನಾಗಿದೆ. ಆದರೆ ಇದಿನ್ನೂ ಸಂಶೋಧನೆ, ನಾನು ಇದನ್ನ ನೋಡಿ ಔಷಧಿ ಬದಲಾಯಿಸೋಕೆ ಆಗಲ್ಲ" ಎಂದರು. ಅದು ಸರಿಯಾದ ಮಾತು.

ಎರಡನೇ ಸುತ್ತಿನ ಹದಿಮೂರನೇ ದಿನ ಮೇಲೂರಿಗೆ ಫೋನ್ ಮಾಡಿದೆ.

"ಹೇಗಿದ್ದೀರಮ್ಮಾ? ನಾಳೆ ರಕ್ತ ಕೊಡೋಕೆ ಬರ್ತೀರಲ್ಲ?"

"ನಾಳೆ ಆಗಲ್ಲ ಸಾರ್. ಜ್ವರ."

"ಯಾವಾಗಿಂದ?"

"ನಿನ್ನೆ ಸಾಯಂಕಾಲ ಕೂತ್ಕೊಂಡ್ವು. ನಾಲ್ಕನೇ ಜ್ವರ ಅಲ್ವಾ ಸಾರ್, ಬಿಟ್ಟು ಬರಕ್ಕಾಗಲ್ಲ."

"ಬೇಡ ಬೇಡ, ಬರಬೇಡಿ. ಜ್ವರ ಬಿಟ್ಟು ಒಂದು ವಾರ ಆಗಲಿ."

"ಹೂಂ ಸಾರ್, ಆಗ ಆರಾಮಾಗಿ ಬರ್ತೀನಿ. ಆಗ ಕೆಲ್ಸ ಮುಗ್ದಿರುತ್ತೆ."

ಆಕೆ 'ಕೂತ್ಕೊಂಡ್ವು' ಎಂದು ಬಹುವಚನದಲ್ಲಿ ಹೇಳಿದ್ದರು ಎಂದು ಇಂದು ನನಗೆ ಖಚಿತ. ಅಂದು 'ಕೂತ್ಕೊಂತು' ಎಂದು ಕೇಳಿಸಿಕೊಂಡೆ. ಅಥವಾ ಅಂದು ಆಕೆ ಏನೋ ಅಂದರು, ಬಹುವಚನವನ್ನು ನಾನು ಈಚೆಗೆ ಸೇರಿಸಿದ್ದೇನೆ. ರಿಜಿಸ್ಟರಿನಲ್ಲಿ ಇರುವುದು ಇಷ್ಟು: 'ಜ್ವರ, ಎರಡನೇ ದಿನ. ಮಾತ್ರೆ ಶುರುವಾದ ಮೇಲೆ ನಾಲ್ಕನೇ ಸಲ.' ಆ ಕೊನೆಯ ವಾಕ್ಯ ಆಕೆಯದಲ್ಲ, ನನ್ನದು.

ಒಂದು ವಾರ ತಡವಾಗಿ ತೆಗೆದ ಆ ರಕ್ತದಲ್ಲಿ ಎಣಿಕೆ ಹನ್ನೆರಡು.

ಮೂರನೇ ಸುತ್ತಿಗೆ ಜ್ವರವಿಲ್ಲ, ಸರಿಯಾದ ದಿನಕ್ಕೆ ಬಂದರು, ಎಣಿಕೆ ಮೂರು. ನಾಲ್ಕನೇ ಸುತ್ತಿಗೆ ಮತ್ತೆ ಫೋನ್, ಮತ್ತೆ "ಜ್ವರ ಸಾರ್, ನಾಲ್ಕನೇ ಜ್ವರ." ಇಲ್ಲಿ ನಾನು ಮಾಡಿದ್ದನ್ನು ಮೆತ್ತಗೆ ಮಾಡದೆ ಬರೆಯಬೇಕು. ಹಿಂದಿನ ಸಲವೇ ನಾಲ್ಕನೆಯದಾಗಿತ್ತು. ಪಾಪ, ಲೆಕ್ಕ ತಪ್ಪಿದ್ದಾರೆ ಎಂದುಕೊಂಡು ರಿಜಿಸ್ಟರಿನಲ್ಲಿ 'ಐದನೇ ಸಲ' ಎಂದು ತಿದ್ದಿ ಬರೆದೆ. ರೋಗಿ ಹೇಳಿದ್ದನ್ನು ನಾನು ಸರಿಪಡಿಸಿದೆ. ಮುಂದೂಡಿ ತೆಗೆದ ರಕ್ತದಲ್ಲಿ ಎಣಿಕೆ ಹದಿನೈದು. (ನೆನಪಿನಲ್ಲಿ ಅದು ಹದಿನೇಳು. ಹಾಳೆಯಲ್ಲಿ ಹದಿನೈದು. ಹಾಳೆಯನ್ನು ನಂಬುತ್ತೇನೆ, ಈ ಸಂಖ್ಯೆಯ ಮಟ್ಟಿಗೆ.)

ಅದೇ ವಾರ ಎರಡನೇ ಸ್ಕ್ಯಾನ್ ಬಂತು. ಮಚ್ಚೆಗಳು ತುಸು ದೊಡ್ಡವಾಗಿವೆ. ಎಷ್ಟು ತುಸುವೆಂದರೆ, ಅಳೆಯುವವರ ಕೈ ಬದಲಾದರೂ ಅಷ್ಟು ವ್ಯತ್ಯಾಸ ಬರಬಹುದು. ವೈದ್ಯೆ ನನ್ನ ಕೋಣೆಗೆ ಬಂದು ನಿಂತುಕೊಂಡೇ ಕೇಳಿದರು:

"ನಿಮ್ಮ ಎಣಿಕೆ ಏನು ಹೇಳುತ್ತೆ?"

"ನನ್ನ ಎಣಿಕೆ ನೋಡಿ ತೀರ್ಮಾನ ಮಾಡಲ್ಲ ಅಂದಿದ್ರಿ."

"ಮಾಡಲ್ಲ. ಆದರೆ ಕೇಳಬಾರದು ಅಂತ ಏನಿಲ್ಲವಲ್ಲ? ಸ್ಕ್ಯಾನ್ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ನಿಮ್ಮದೂ ಏರಿದ್ರೆ, ಮಾತ್ರೆ ಕೈಬಿಟ್ಟಿದೆ ಅಂತಲೇ ಅಂದ್ಕೋತೀನಿ. ಮುಂದಿನ ವಾರ ಬರೀತೀನಿ, ಬೆಂಗಳೂರಲ್ಲಿ ಇಂಜೆಕ್ಷನ್ ಶುರು ಮಾಡಲಿ."

ಈ ಕಾಯಿಲೆಗೆ ಇರುವ ಔಷಧಿಗಳ ಸಾಲು ಚಿಕ್ಕದು. ಒಂದನ್ನು 'ಸೋತಿತು' ಎಂದು ಬರೆದರೆ ಅದರ ಬಾಗಿಲು ಮುಚ್ಚಿದಂತೆ. ಸೋತಿದ್ದರೆ ತಕ್ಷಣ ಬಿಡಬೇಕು, ತಡ ಮಾಡಿದರೆ ಗಡ್ಡೆ ಬೆಳೆಯುತ್ತದೆ. ಸೋಲದಿದ್ದರೆ ಬಿಡಕೂಡದು. ಮೇಲೂರಿನ ಆ ಹೆಂಗಸಿನ ಮುಂದಿನ ವರ್ಷಗಳು ಈ ಎರಡು ವಾಕ್ಯಗಳ ನಡುವೆ ಇದ್ದವು. ಮತ್ತು ನನ್ನ ಕೈಯಲ್ಲಿದ್ದ ಎಣಿಕೆ ಹನ್ನೊಂದು, ನಾಲ್ಕು, ಹನ್ನೆರಡು, ಮೂರು, ಹದಿನೈದು. ಸೋಲುವ ಮಾತ್ರೆ ಹೀಗೆ ಉಯ್ಯಾಲೆ ಆಡುವುದಿಲ್ಲ.

ಅಂದು ಮಧ್ಯಾಹ್ನ ನನಗೆ ಹೊಳೆಯಿತು. ಎಣಿಕೆ ಏರಿದ್ದು ಎರಡೇ ಸಲ, ಎರಡೂ ಸಲ ಮೊದಲು ಜ್ವರ! ಜ್ವರ ಬಂದರೆ ಗಡ್ಡೆಯಿಂದ ಕೋಶಗಳು ಉದುರುತ್ತವೆ! ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ, ಕೋಶಗಳು ನುಸುಳುತ್ತವೆ, ಜ್ವರ ಬಿಟ್ಟು ವಾರವಾದರೂ ಅಲೆಯುತ್ತಿರುತ್ತವೆ. ಬಿಳಿಹಲಗೆ ತುಂಬ ಬಾಣದ ಗುರುತು ಹಾಕಿದೆ. ಪ್ರಬಂಧದ ಶೀರ್ಷಿಕೆಯನ್ನೂ ಬರೆದೆ. ಮೂರು ದಿನ ನಾನು ದೊಡ್ಡ ಮನುಷ್ಯನಾಗಿದ್ದೆ. ಆ ಮೂರು ದಿನಗಳ ಹುರುಪು ಸುಳ್ಳಿನದು, ಆದರೆ ಹುರುಪು ಸುಳ್ಳಾಗಿರಲಿಲ್ಲ. ಅದಿಲ್ಲದೆ ನಾನು ಮೇಲೂರಿಗೆ ಹೋಗುತ್ತಿರಲಿಲ್ಲ.

ವೈದ್ಯೆಗೆ ಹೇಳಿದೆ: "ಒಂದು ವಾರ ಕೊಡಿ. ನನ್ನ ಎಣಿಕೆಗೆ ಅರ್ಥ ಗೊತ್ತಾಗೋವರೆಗೂ ವರದಿಗೆ ಸಹಿ ಹಾಕಲ್ಲ." ಅವರಿಗೆ ಸಿಟ್ಟು ಬಂತು. "ಒಂದೇ ವಾರ" ಎಂದರು.

ಜ್ವರದ ವಿವರ ಬೇಕಿತ್ತು: ಎಷ್ಟು ಏರಿತ್ತು, ಎಷ್ಟು ದಿನ, ಚಳಿ ಇತ್ತೇ. ನರ್ಸ್ ಜೊತೆ ಹೊರಟೆ. ದಾರಿಯಲ್ಲಿ ಆಕೆಗೆ ನನ್ನ ಸಿದ್ಧಾಂತ ಹೇಳಲಿಲ್ಲ. ರಕ್ತ ತೆಗೆಯುವುದನ್ನು ಎರಡು ಸಲ ಮುಂದೂಡಿದ್ದೆ ಎಂಬುದಷ್ಟೇ ಆಕೆಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ, ಆಕೆ ಕೇಳಿರಲಿಲ್ಲ. ಪ್ರಯೋಗಾಲಯಗಳಲ್ಲಿ ಹೀಗೆ ನಡೆಯುತ್ತದೆ.

ಮೇಲೂರಿನ ಮನೆಯ ಹಿಂದೆ ಹಿಪ್ಪುನೇರಳೆ ತೋಟ, ತೋಟದ ಬದುವಿಗೆ ತಗಡಿನ ಚಾವಣಿಯ ಉದ್ದನೆಯ ಕೋಣೆ, ಅದರ ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯ ಗೆರೆ. ಆಕೆಯ ಗಂಡ ಸೊಪ್ಪಿನ ಹೊರೆ ಇಳಿಸುತ್ತಿದ್ದರು. ನಾನು ಆ ಕೋಣೆಯತ್ತ ಹೆಜ್ಜೆ ಹಾಕಿದ್ದೇ ತಡ, ಒಳಗಿನಿಂದ ಆಕೆ ಕೂಗಿದರು:

"ಸಾರ್! ಅಲ್ಲೇ ನಿಂತ್ಕಳಿ! ಆಸ್ಪತ್ರೆಯಿಂದ ಬಂದೋರು ಹುಳದ ಮನೆ ಹತ್ರ ಬರಬೇಡಿ. ಹೊಂಗೆ ಮರದ ಕೆಳ್ಗೆ ಕೂತ್ಕಳಿ, ಬಂದೆ."

ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ನಾನೂ ಜನರನ್ನು ಹೀಗೇ ನಿಲ್ಲಿಸುತ್ತೇನೆ. ಇಷ್ಟು ಚೆನ್ನಾಗಿ ಅಲ್ಲ.

ಆಕೆ ಬಂದು ಕೈ ತೊಳೆದು ಕೂತರು. ಅಂಗೈ ಹಳದಿಯಾಗಿತ್ತು, ಬೆರಳ ಬುಡದಲ್ಲಿ ಸಿಪ್ಪೆ ಏಳುತ್ತಿತ್ತು. ಎರಡೂ ಈ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮಗಳು. ನಾನು ಫಾರಂ ತೆಗೆದೆ.

"ಹೋದ ಸಲ ಜ್ವರ ಎಷ್ಟು ದಿನ ಇತ್ತಮ್ಮಾ?"

"ಒಂದೂವರೆ ದಿನ ಸಾರ್. ಚಳಿಗಾಲ ಆಗಿದ್ರೆ ಎರಡು."

ಚಳಿಗಾಲ ಎಂದು ಬರೆದುಕೊಂಡೆ. ಹೊಸ ಸುಳಿವು! "ಮನೇಲಿ ಥರ್ಮಾಮೀಟರ್ ಇದೆಯಾ?"

"ಐತಲ್ಲ. ಎರಡೈತೆ."

"ಎಷ್ಟಿತ್ತು?"

"ಇಪ್ಪತ್ತೈದು. ಅದಕ್ಕಿಂತ ಮೇಲಕ್ಕೆ ನಾನು ಬಿಡಲ್ಲ."

ನಾನು ಪೆನ್ನು ನಿಲ್ಲಿಸಿದೆ. "ಇಪ್ಪತ್ತೈದಾ? ಜ್ವರದಲ್ಲಿ?"

"ಹೂಂ ಸಾರ್. ಜ್ವರದಲ್ಲಿ ಗಾಳಿ ಆಡ್ಬೇಕು, ತೇವ ಕಮ್ಮಿ ಇರ್ಬೇಕು, ಸೊಪ್ಪು ಹಾಕ್ಬಾರ್ದು. ಯಾರೂ ಮುಟ್ಬಾರ್ದು."

"ಸೊಪ್ಪು?"

ನರ್ಸ್ ನನ್ನ ಕೈಯಿಂದ ಫಾರಂ ಕಿತ್ತುಕೊಂಡು ಓದಿದರು. ಓದಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಅಯ್ಯೋ ದೇವುಡಾ! ಸಾರ್, ಇದು ಅಕ್ಕಂಗೆ ಬಂದ ಜ್ವರ ಅಲ್ಲ. ಹುಳಕ್ಕೆ ಬಂದಿದ್ದು! ರೇಷ್ಮೆ ಹುಳ ಪೊರೆ ಬಿಡೋದಕ್ಕೆ ಜ್ವರ ಅಂತಾರೆ. ನಾಲ್ಕು ಸಲ ಬಿಡುತ್ತೆ. ನಾಲ್ಕನೇ ಜ್ವರ ಎದ್ಮೇಲೆ ದೊಡ್ಡ ಹುಳ. ನೀವು ಗೌರಿಬಿದನೂರೋರಾಗಿ ಇದು ಗೊತ್ತಿಲ್ವಾ?"

"ನಮ್ಮಪ್ಪ ಮೇಷ್ಟ್ರು" ಎಂದೆ. ಮನೆಯಲ್ಲಿ ರೇಷ್ಮೆ ಸೀರೆಗಳಿದ್ದವು, ಹುಳ ಇರಲಿಲ್ಲ.

ಆಕೆಯ ಗಂಡ ಹೊರೆಯ ಪಕ್ಕದಲ್ಲೇ ಕೂತು ನಗತೊಡಗಿದರು. "ಅಂದ್ರೆ ಸಾರು ಇಷ್ಟು ದಿನ ಹುಳಕ್ಕೆ ರಕ್ತ ಪರೀಕ್ಷೆ ಮಾಡ್ತಿದ್ರು ಕಣೇ!"

ನನ್ನ ಸಿದ್ಧಾಂತ ಹೊಂಗೆ ಮರದ ಕೆಳಗೆ ಸತ್ತಿತು. ಆಕೆಗೆ ಒಂದು ಸಲವೂ ಜ್ವರ ಬಂದಿರಲಿಲ್ಲ. ಹಾಗಾದರೆ ಎಣಿಕೆ ಏಕೆ ಏರಿತು? ನಾನು ಪೆದ್ದನಾದ ಬಿಸಿಯಲ್ಲೇ, ಸುಮ್ಮನೆ, ಮಾತು ಮುಂದುವರಿಸಲೆಂದು ಕೇಳಿದೆ:

"ಜ್ವರ ಎದ್ದ ಮೇಲೆ ಏನು ಮಾಡ್ತೀರಿ?"

ಆಕೆ ಗಂಡನ ಕಡೆ ನೋಡಿದರು. ನಂತರ ಅಂಗೈಗಳನ್ನು ತಿರುಗಿಸಿ ನನ್ನ ಮುಂದೆ ಹಿಡಿದರು.

"ಬೈಬೇಡಿ ಸಾರ್. ಮೊದಲ್ನೇ ಸಲ ಮಾತ್ರೆ ನುಂಗ್ತಾನೇ ಬೆಳೆ ಮಾಡ್ದೆ. ದೊಡ್ಡ ಹುಳ ಆದ್ಮೇಲೆ ಒಂದೊಂದೇ ಸತ್ತು ಮಲಗಿಬಿಟ್ವು. ಪಕ್ಕದ ಹೊಲ್ದಲ್ಲಿ ಟೊಮೇಟೊಗೆ ಔಷ್ದಿ ಹೊಡೆದ್ರೆ ಗಾಳಿಗೇ ನಮ್ ಹುಳ ಸಾಯ್ತವೆ. ಇಲ್ಲಿ ನನ್ ಕೈಯಲ್ಲೇ ಔಷ್ದಿ ಬರ್ತಾ ಐತಲ್ಲ, ನೋಡಿ, ಹಳದಿ. ಅದೇ ಕೈಯಲ್ಲಿ ಸೊಪ್ಪು ಹಾಕ್ಬೇಕು. ಅದಕ್ಕೆ ನಾಲ್ಕನೇ ಜ್ವರ ಎದ್ದ ದಿನದಿಂದ ಗೂಡು ಕಟ್ಟೋಗಂಟ ಮಾತ್ರೆ ಬಿಡ್ತೀನಿ. ಎಂಟು ದಿನ. ಆಮೇಲೆ ಮತ್ತೆ ನುಂಗ್ತೀನಿ. ಎಸೆದಿಲ್ಲ ಸಾರ್, ಇಟ್ಟಿದೀನಿ."

ಗಂಡನ ನಗು ನಿಂತಿತು. "ನಂಗೇ ಹೇಳಿಲ್ವಲ್ಲೇ" ಎಂದರು.

"ನಿಮಗ್ಯಾಕೆ ಹೇಳ್ಲಿ, ಹುಳ ಬಿಡು ಅಂತಿದ್ರಿ."

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆ ಗೊತ್ತಿಲ್ಲ. ಎಂಟು ದಿನ! ನಾಲ್ಕನೇ ಜ್ವರ ಎಂದು ಆಕೆ ಹೇಳಿದ ಕೂಡಲೇ ನಾನು ರಕ್ತವನ್ನು ಮುಂದಕ್ಕೆ ಹಾಕಿದ್ದೆ. ಎಷ್ಟು ಮುಂದಕ್ಕೆ ಎಂದರೆ, ಸರಿಯಾಗಿ ಆಕೆ ಮಾತ್ರೆ ಬಿಟ್ಟ ಎಂಟು ದಿನಗಳ ತುದಿಗೆ. ಜಗತ್ತಿನಲ್ಲಿ ಯಾರಾದರೂ ಬೇಕೆಂದೇ ಯೋಜಿಸಿದ್ದರೂ ಇಷ್ಟು ನಿಖರವಾಗಿ ತಪ್ಪು ದಿನವನ್ನು ಆರಿಸಲು ಆಗುತ್ತಿರಲಿಲ್ಲ. ಎಣಿಕೆ ಸುಳ್ಳು ಹೇಳಿರಲಿಲ್ಲ. ಆಕೆ ಯಾರಿಗೂ ಹೇಳದ್ದನ್ನು ಅದು ಎರಡು ಸಲ ಹೇಳಿತ್ತು. ಕೇಳಿಸಿಕೊಳ್ಳಲು ನನಗೆ ಒಂದು ಪದ ಕಡಿಮೆ ಬಿದ್ದಿತ್ತು.

ಕ್ಯಾಲೆಂಡರ್ ಇದೆಯೇ ಎಂದು ಕೇಳಿದೆ. ಇತ್ತು. ಹುಳ ತಂದ ದಿನ, ಪ್ರತಿ ಜ್ವರಕ್ಕೆ 'ಜ್ವ' ಎಂಬ ಒಂದಕ್ಷರ, ಹುಳವನ್ನು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹಾಕಿದ ದಿನಕ್ಕೆ ಒಂದು ಸೊನ್ನೆ, ಎಲ್ಲವನ್ನೂ ನೀಲಿ ಪೆನ್ನಿನಲ್ಲಿ ಗುರುತು ಹಾಕಿದ್ದರು. ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದ ಮಾತ್ರೆಗಳು. ಎರಡು ಬೆಳೆ, ಎಂಟೆಂಟು, ಹದಿನಾರು ಇರಬೇಕಿತ್ತು. ಹದಿನೇಳು ಇತ್ತು. ಆ ಒಂದರ ಕಥೆ ಆಕೆಗೂ ನೆನಪಿಲ್ಲ, ನಾನೂ ಅದನ್ನು ಕೂಡಿಸಿ ಸರಿಮಾಡಲಿಲ್ಲ, ಬರೆದುಕೊಂಡೆ.

ವಾಪಸು ಬರುವಾಗ ನನಗೆ ಅನುಮಾನ ಶುರುವಾಯಿತು. ಜ್ವರದ ಸಿದ್ಧಾಂತವೂ ಇಷ್ಟೇ ಚೆನ್ನಾಗಿ ಹೊಂದಿಕೊಂಡಿತ್ತಲ್ಲ? ಒಂದು ಸೊಗಸಾದ ಕಥೆ ಹೋಗಿ ಇನ್ನೊಂದು ಸೊಗಸಾದ ಕಥೆ ಬಂದು ಕೂತಿದೆ. ಹಸಿರು ಎಷ್ಟು ಹಸಿರಾದರೆ ಹಸಿರು ಎಂಬುದು ಕೊನೆಗೆ ಎಣಿಸುವವನ ಕಣ್ಣಿಗೆ ಬಿಟ್ಟಿದ್ದು. ಏರಬೇಕು ಎಂದುಕೊಂಡ ದಿನ ನಾನು ಎರಡು ಮಸುಕು ಕೋಶಗಳನ್ನು ಸೇರಿಸಿರಬಹುದು. ಐದೂ ಜರಡಿಗಳ ಚಿತ್ರಗಳು ಕಂಪ್ಯೂಟರಿನಲ್ಲಿದ್ದವು. ಹೆಸರು ಬದಲಿಸಿ, ಕಲೆಸಿ, ನನಗೆ ತಿಳಿಯದಂತೆ ಕೊಡಲು ನರ್ಸ್‌ಗೆ ಹೇಳಿದೆ.

"ಏನು ಹೆಸರಿಡ್ಲಿ?"

"ಏನಾದರೂ. ನನಗೆ ಗೊತ್ತಾಗಬಾರದು ಅಷ್ಟೆ."

ಆಕೆ ತರಕಾರಿ ಮಾರುಕಟ್ಟೆಯನ್ನೇ ತಂದಿಟ್ಟರು. ಮರುದಿನ ಬೆಳಗಿನಿಂದ ಮೂರು ಗಂಟೆಯವರೆಗೆ ನಾನು ಟೊಮೇಟೊ, ಬೀನ್ಸ್, ಬೀಟ್‌ರೂಟ್, ಹೀರೇಕಾಯಿ, ಕೋಸುಗಳನ್ನು ಎಣಿಸಿದೆ. ಒಂದೊಂದು ಚಿತ್ರದಲ್ಲೂ ಮೊದಲು ನೀಲಿ, ಆಮೇಲೆ ಕೆಂಪು, ಕೊನೆಗೆ ಹಸಿರು. ಮೂರನ್ನೂ ಒಟ್ಟಿಗೆ ನೋಡಿದರೆ ಕಣ್ಣು ಬೇಕಾದ್ದನ್ನು ಕಟ್ಟಿಕೊಳ್ಳುತ್ತದೆ. ಟೊಮೇಟೊ ಮೂರು. ಬೀನ್ಸ್ ಹದಿನಾಲ್ಕು. ಬೀಟ್‌ರೂಟ್ ಹನ್ನೊಂದು. ಹೀರೇಕಾಯಿ ನಾಲ್ಕು. ಕೋಸು ಹನ್ನೆರಡು. ನರ್ಸ್ ತಮ್ಮ ಚೀಟಿಯನ್ನು ಮಡಿಕೆ ಮಡಿಕೆಯಾಗಿ ಬಿಡಿಸಿ ಓದುತ್ತಾ ಹೋದರು, ನಾನು ಕ್ಯಾಲೆಂಡರಿನ ಫೋಟೋದಲ್ಲಿ ಬೆರಳಿಟ್ಟುಕೊಂಡು ಹೋದೆ. ಮಾತ್ರೆ ನುಂಗಿದ ದಿನಗಳು ನಾಲ್ಕು, ಮೂರು. ನುಂಗದ ದಿನಗಳು ಹನ್ನೊಂದು, ಹನ್ನೆರಡು, ಹದಿನಾಲ್ಕು. ಹಳೆಯ ಎಣಿಕೆಗೂ ಹೊಸದಕ್ಕೂ ಒಂದೇ ಒಂದು ಕೋಶದ ವ್ಯತ್ಯಾಸ.

ಮಾತ್ರೆ ಸೋತಿರಲಿಲ್ಲ! ನುಂಗಿದಾಗಲೆಲ್ಲ ಗೆದ್ದಿತ್ತು.

ವೈದ್ಯೆ ಬಂದ ದಿನ ಅವರ ಮುಂದೆ ಕ್ಯಾಲೆಂಡರಿನ ಫೋಟೋ, ಆಕೆಯಿಂದ ಕೇಳಿ ತಂದ ಮಾತ್ರೆಯ ಡಬ್ಬಿ, ತರಕಾರಿ ಚೀಟಿ ಮೂರನ್ನೂ ಇಟ್ಟೆ. ಅವರು ಮೊದಲು ಡಬ್ಬಿಯನ್ನು ತೆಗೆದುಕೊಂಡರು. ನನ್ನ ಎಣಿಕೆಯನ್ನು ಆಮೇಲೆ ನೋಡಿದರು. ಅದು ಸರಿಯಾದ ಕ್ರಮ. ಒಬ್ಬಳ ರಕ್ತದ ಐದು ಜರಡಿಗಳಿಂದ ಯಾರ ಔಷಧಿಯನ್ನೂ ನಿರ್ಧರಿಸಲಾಗದು, ಹದಿನೇಳು ಉಳಿದ ಮಾತ್ರೆಗಳಿಂದ ಆಗುತ್ತದೆ.

"ಇಂಜೆಕ್ಷನ್ ಈಗ ಬೇಡ" ಎಂದರು. "ಆದರೆ ಹುಳ ಬಿಡೋಕೆ ಹೇಳಿ. ಇಲ್ಲಾಂದ್ರೆ ಗ್ಲೌಸ್ ಹಾಕ್ಕೊಂಡು ಮಾಡ್ಲಿ."

ಆಕೆಯನ್ನು ಕರೆಸಿದೆವು. ಗ್ಲೌಸ್ ವಿಷಯ ಕೇಳಿ ಆಕೆ ಆಗಲ್ಲ ಎಂದು ತಲೆಯಾಡಿಸಿಬಿಟ್ಟರು.

"ಹುಳ ಹಣ್ಣಾಗಿ ಗೂಡಿಗೆ ಬಂದೈತೋ ಇಲ್ವೋ ಅಂತ ಬೆರಳಿಗೆ ಗೊತ್ತಾಗ್ಬೇಕಮ್ಮ. ಚೀಲ ಹಾಕ್ಕೊಂಡು ಮುಟ್ಟಿದ್ರೆ ಏನ್ ಗೊತ್ತಾಗುತ್ತೆ? ಮಗೂನ ಹಂಗೆ ಎತ್ಕೊಂತೀರಾ ನೀವು?"

"ಹಂಗಾದ್ರೆ ಮಾತ್ರೆ ಬಿಡ್ತೀರಾ? ಗಡ್ಡೆ ದೊಡ್ಡದಾಗುತ್ತೆ, ಗೊತ್ತಲ್ಲ?" ವೈದ್ಯೆಯ ಧ್ವನಿ ಏರಿತ್ತು.

ಆಕೆ ಬೆರಳು ಮಡಚುತ್ತಾ ಏನೋ ಲೆಕ್ಕ ಹಾಕುತ್ತಿದ್ದರು.

"ನೀವೇ ಎರಡು ವಾರ ಬಿಡು ಅಂತೀರಲ್ಲಮ್ಮ, ನಾಲ್ಕು ವಾರ ಆದ್ಮೇಲ್ ರಜ. ಆ ರಜದಾಗೆ ದೊಡ್ಡ ಹುಳ ಬಂದ್ರೆ?"

ವೈದ್ಯೆ ಪೆನ್ನಿನ ಮುಚ್ಚಳ ತೆಗೆದರು.

"ಮಾತ್ರೆ ನಾನ್ ಹೇಳ್ದಂಗೆ ಕೇಳಲ್ಲ, ಹುಳ ಕೇಳುತ್ತೆ. ಮರಿ ಹುಳ ತರೋ ದಿನಾನ ಮುಂದಕ್ಕೆ ಹಾಕಿದ್ರೆ ಆಯ್ತು. ಇಪ್ಪತ್ತೆಂಟನೇ ದಿನ ಕೊನೇ ಮಾತ್ರೆ, ಇಪ್ಪತ್ತೊಂಬತ್ತಕ್ಕೆ ನಾಲ್ಕನೇ ಜ್ವರ ಏಳ್ಬೇಕು. ತೋಟಾನೂ ಅದಕ್ಕೆ ತಕ್ಕಂಗೆ ಕಟಾವು ಮಾಡ್ತೀನಿ. ಬೆಳೆ ಒಂದೆರಡು ಕಮ್ಮಿ ಆಗುತ್ತೆ. ಆಗ್ಲಿ."

ವೈದ್ಯೆ ಆಕೆ ತಂದಿದ್ದ ಕ್ಯಾಲೆಂಡರನ್ನು ತಮ್ಮ ಕಡೆ ಎಳೆದುಕೊಂಡರು. ಇಬ್ಬರೂ ತಲೆಗೆ ತಲೆ ಕೊಟ್ಟು ಕೂತು, ಒಬ್ಬರು ಕೆಂಪು ಪೆನ್ನಿನಲ್ಲಿ, ಒಬ್ಬರು ನೀಲಿಯಲ್ಲಿ, ಮುಂದಿನ ಮೂರು ತಿಂಗಳನ್ನು ಗುರುತು ಹಾಕಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಮಾಡಿದ್ದು ಇಷ್ಟೆ: ಫೋನಿನ ಫಾರಂನಲ್ಲಿ 'ಜ್ವರ ಇದೆಯೇ?' ಎಂಬ ಪ್ರಶ್ನೆಯ ಮುಂದೆ 'ಯಾರಿಗೆ?' ಎಂದು ಸೇರಿಸಿದೆ.

ಆ ಮೂರು ತಿಂಗಳ ಎರಡು ಸುತ್ತುಗಳಲ್ಲಿ ರಕ್ತ ಸರಿಯಾದ ದಿನಕ್ಕೆ ಬಂತು. ಡಬ್ಬಿಯಲ್ಲಿ ಹೊಸ ಮಾತ್ರೆ ಉಳಿದಿಲ್ಲವೆಂದು ನರ್ಸ್ ಪ್ರತಿ ಸಲ ನೋಡಿ ಬಂದರು. ಎಣಿಕೆ ಮೂರು, ಆಮೇಲೆ ಎರಡು. ಎರಡನೆಯದನ್ನು ಎಣಿಸುವಾಗ ಪೊರೆಯ ಅಂಚಿನವರೆಗೂ ಹೋಗಿ ಮತ್ತೆ ಮೊದಲಿನಿಂದ ಬಂದೆ. ಆಮೇಲೆ ಸ್ಕ್ಯಾನ್. ವೈದ್ಯೆ ಹಳೆಯ ಚಿತ್ರವನ್ನೂ ಹೊಸದನ್ನೂ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಮಚ್ಚೆಗಳು ಬೆಳೆದಿಲ್ಲ, ಒಂದು ಕುಗ್ಗಿದೆ. ಕಡತದಲ್ಲಿ 'ಇದೇ ಮಾತ್ರೆ ಮುಂದುವರಿಸಿ' ಎಂದು ಬರೆದು, ಕೆಳಗೆ ಗೆರೆ ಎಳೆದರು. ವಾಸಿಯಾಯಿತು ಎಂದು ಯಾರೂ ಹೇಳಲಿಲ್ಲ, ಈ ಕಾಯಿಲೆಯಲ್ಲಿ ಹಾಗೆ ಹೇಳುವುದಿಲ್ಲ.

ಅಂದು ಆಕೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ತಾವಾಗಿಯೇ ಕೈ ತೊಳೆದಿದ್ದರು.

"ಒಂದ್ಸಲ ತೋರಿಸ್ತೀರಾ ಸಾರ್? ಏನನ್ನ ಎಣಿಸ್ತೀರಿ ಅಂತ."

ಕೊನೆಯ ಜರಡಿಯನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟು, ಎರಡರಲ್ಲಿ ಒಂದನ್ನು ನಡುಮಧ್ಯಕ್ಕೆ ತಂದೆ. ಆಕೆ ಬಗ್ಗಿ ನೋಡಿದರು. ಮೊದಲ ಸಲ ನೋಡುವವರು ರೆಪ್ಪೆ ಬಡಿದು ಏನೂ ಕಾಣುತ್ತಿಲ್ಲ ಎನ್ನುತ್ತಾರೆ. ಆಕೆ ತಕ್ಷಣ ಕಂಡುಕೊಂಡರು. ಉಸಿರು ಕೂಡ ಬಿಡದೆ ನೋಡುತ್ತಿದ್ದರು.

"ಹಸಿರಾಗಿರೋದಾ?"

"ಹೌದಮ್ಮಾ."

"ಬದ್ಕೈತಾ?"

"ಇಲ್ಲ. ಬಣ್ಣ ಹಾಕೋವಾಗಲೇ ಸಾಯುತ್ತೆ."

ಆಕೆ ಕಣ್ಣು ಅಲ್ಲೇ ಇಟ್ಟುಕೊಂಡು ಹೇಳಿದರು:

"ಹಂಗಾದ್ರೆ ನನ್ ಮೈಯಿಂದ ಒಂದು ಕಮ್ಮಿ ಆಯ್ತು ಬಿಡಿ. ಇನ್ನೊಂದನ್ನೂ ತೋರ್ಸಿ."